ರೈಜೆನ್ 5 3600: ಲೋಡ್ ಬಿದ್ದರೆ 95 ಡಿಗ್ರಿ, ವೇಗ ಕುಸಿಯುತ್ತಿದೆ

ರಾಯಚೂರು_ಪಿಸಿ

ನಮಸ್ಕಾರ. ಸಿಸ್ಟಂ ವಿವರ: ರೈಜೆನ್ 5 3600 ಪ್ರೊಸೆಸರ್, ಅದರ ಜೊತೆಗೇ ಬಂದ ರೇತ್ ಸ್ಟೆಲ್ತ್ ಕೂಲರ್, ಬಿ450 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, ವಿಂಡೋಸ್ 10. ಓವರ್‌ಕ್ಲಾಕ್ ಏನೂ ಮಾಡಿಲ್ಲ.

ವಿಡಿಯೊ ಎಕ್ಸ್‌ಪೋರ್ಟ್‌ಗೆ ಹಾಕಿದ ಎರಡೇ ನಿಮಿಷಕ್ಕೆ 95 ಡಿಗ್ರಿ ಮುಟ್ಟಿ ಅಲ್ಲೇ ನಿಲ್ಲುತ್ತೆ. ಮೊದಲು 20 ನಿಮಿಷಕ್ಕೆ ಮುಗೀತಿದ್ದ ಕೆಲಸಕ್ಕೆ ಈಗ 25 ಬೇಕು. ಸುಮ್ಮನೆ ಬಿಟ್ಟಾಗಲೂ 50ರಿಂದ 65ರ ನಡುವೆ ಜಿಗೀತಾ ಇರುತ್ತೆ. ಹೋದ ತಿಂಗಳು ಧೂಳು ಹೊಡೆಯೋಕೆ ಕೂಲರ್ ಬಿಚ್ಚಿ ಮತ್ತೆ ಕೂರಿಸಿದ್ದೆ. ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಹಚ್ಚೋ ಪೇಸ್ಟ್ ಹಾಗೇ ಇತ್ತು, ಅದರ ಮೇಲೇ ಇಟ್ಟೆ. ಇನ್ನೊಂದು ಭಯ: ತಾಪ ತೋರಿಸೋ ಸಾಫ್ಟ್‌ವೇರ್‌ನಲ್ಲಿ ಆಕ್ಸ್‌ಟಿನ್1 ಅನ್ನೋ ಸಾಲಿನಲ್ಲಿ 127 ಡಿಗ್ರಿ ತೋರಿಸ್ತಿದೆ. ಬೋರ್ಡ್ ಹೋಗ್ತಿದೆಯಾ? ಗೊತ್ತಿದ್ದವರು ತಿಳಿಸ್ರಿ.

ತಾಪಮಾಪಕ

127 ಡಿಗ್ರಿಯನ್ನು ಈಗಲೇ ಮರೆತುಬಿಡಿ. ಅದು ಬೋರ್ಡಿನ ಸೆನ್ಸಾರ್ ಚಿಪ್‌ನಲ್ಲಿರುವ ಖಾಲಿ ಇನ್‌ಪುಟ್. ಅದಕ್ಕೆ ಯಾವ ಸೆನ್ಸಾರನ್ನೂ ಜೋಡಿಸಿಲ್ಲ, ಆದ್ದರಿಂದ ಬಾಯಿಗೆ ಬಂದ ಅಂಕಿ ಹೇಳುತ್ತದೆ. ನಿಜಕ್ಕೂ ಬೋರ್ಡ್ 127ಕ್ಕೆ ಹೋಗಿದ್ದರೆ ಸುಟ್ಟ ವಾಸನೆ ಬಂದಿರುತ್ತಿತ್ತು.

ಬರೀ 95 ಎಂದರೆ ಏನೂ ಹೇಳೋಕಾಗಲ್ಲ. ಈ ಪ್ರೊಸೆಸರ್‌ಗೆ 95 ಗರಿಷ್ಠ ಮಿತಿ. ಅಲ್ಲಿಗೆ ಮುಟ್ಟಿದರೆ ತಾನೇ ವೇಗ ಇಳಿಸಿಕೊಂಡು ಅಲ್ಲೇ ನಿಲ್ಲುತ್ತದೆ. ಹಾಗಾಗಿ ಸಮಸ್ಯೆ ಚಿಕ್ಕದಿದ್ದರೂ 95, ದೊಡ್ಡದಿದ್ದರೂ 95. ಆ 95ರಲ್ಲಿ ಎಷ್ಟು ವ್ಯಾಟ್ ಹೀರುತ್ತಿದೆ ಎನ್ನುವುದನ್ನು ನೋಡಿದರೆ ಮಾತ್ರ ತಪ್ಪು ಎಲ್ಲಿದೆ ಅಂತ ಗೊತ್ತಾಗುತ್ತದೆ.

ಹೀಗೆ ಅಳೆಯಿರಿ. ಸೆನ್ಸಾರ್ ಅಂಕಿ ತೋರಿಸುವ ಎಚ್‌ಡಬ್ಲ್ಯು ಇನ್ಫೊ 64 ಸಾಫ್ಟ್‌ವೇರ್ ಹಾಕಿಕೊಂಡು ಸೆನ್ಸಾರ್ಸ್ ಓನ್ಲಿ ಆಯ್ಕೆಯಲ್ಲಿ ತೆರೆಯಿರಿ. ಬೋರ್ಡ್ ಕಂಪನಿಯ ಸಾಫ್ಟ್‌ವೇರ್, ಆರ್‌ಜಿಬಿ ಸಾಫ್ಟ್‌ವೇರ್ ಎಲ್ಲ ಮುಚ್ಚಿ. ಎರಡು ಸಾಫ್ಟ್‌ವೇರ್ ಒಂದೇ ಚಿಪ್ಪನ್ನು ಒಟ್ಟಿಗೇ ಓದಲು ಹೋದರೆ ಅಂಕಿ ಕಲಸಿಹೋಗುತ್ತದೆ. ಪ್ರೊಸೆಸರ್‌ಗೆ ಪೂರ್ತಿ ಲೋಡ್ ಕೊಟ್ಟು ಅಂಕ ಕೊಡುವ ಸಿನಿಬೆಂಚ್ ಆರ್23ರಲ್ಲಿ 10 ನಿಮಿಷದ ಮಲ್ಟಿಕೋರ್ ಪರೀಕ್ಷೆ ಹಾಕಿ, ಎಂಟನೇ ನಿಮಿಷಕ್ಕೆ ಐದು ಅಂಕಿ ಬರೆದುಕೊಳ್ಳಿ: ಸಿಪಿಯು ಟಿಸಿಟಿಎಲ್/ಟಿಡೈ (ಪ್ರೊಸೆಸರಿನ ತಾಪ), ಸಿಪಿಯು ಪಿಪಿಟಿ ವ್ಯಾಟ್ (ಅದು ಹೀರುವ ವಿದ್ಯುತ್), ಕೋರ್ ಎಫೆಕ್ಟಿವ್ ಕ್ಲಾಕ್ (ನಿಜವಾಗಿ ನಡೆಯುವ ವೇಗ), ಸಿಪಿಯು ಫ್ಯಾನ್ ಆರ್‌ಪಿಎಂ, ಕೋಣೆಯ ತಾಪ. ಕೋಣೆಯ ತಾಪವನ್ನು ಕ್ಯಾಬಿನೆಟ್ ಗಾಳಿ ಎಳೆಯುವ ಮುಂಭಾಗದ ಹತ್ತಿರ ಅಳೆಯಿರಿ, ಹಿಂದೆ ಬಿಸಿಗಾಳಿ ಬರುವ ಕಡೆ ಬೇಡ.

ಆಮೇಲೆ ಪಕ್ಕದ ಬಾಗಿಲು ತೆಗೆದು ಇದನ್ನೇ ಇನ್ನೊಮ್ಮೆ ಮಾಡಿ.

ಹಳೇಗಿರಾಕಿ

ಇಷ್ಟೆಲ್ಲ ಯಾಕೆ? ಬಯೋಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ಸ್) ವೋಲ್ಟೇಜ್ ಆಫ್‌ಸೆಟ್ ಮೈನಸ್ 0.1 ಕೊಟ್ಟುಬಿಡಿ, ಅಂದ್ರೆ ವೋಲ್ಟೇಜ್ ಅಷ್ಟು ಇಳಿಸಿ, 10 ಡಿಗ್ರಿ ಇಳಿಯುತ್ತೆ. ವೇಗ ಅಷ್ಟೇ ಇರುತ್ತೆ.

ತಾಪಮಾಪಕ

ಅಷ್ಟೇ ಇರುವಂತೆ ಕಾಣುತ್ತದೆ. 3600 ಸೇರಿದ ಝೆನ್ 2 ಪೀಳಿಗೆಯ ಪ್ರೊಸೆಸರ್‌ಗಳಿಗೆ ವೋಲ್ಟೇಜ್ ಸಾಲದೇ ಹೋದರೆ ಒಳಗೊಳಗೇ ಕ್ಲಾಕ್ ಹಿಗ್ಗಿಸಿಕೊಳ್ಳುತ್ತವೆ. ಮೇಲೆ 4 ಗಿಗಾಹರ್ಟ್ಸ್ ಎಂದು ತೋರಿಸಿದರೂ ನಡೆಯುವ ಕೆಲಸ ಕಡಿಮೆ. ಅದಕ್ಕೇ ಎಫೆಕ್ಟಿವ್ ಕ್ಲಾಕ್ ನೋಡಿ ಎಂದಿದ್ದು. ಸಣ್ಣ ಆಫ್‌ಸೆಟ್ ಕೊಟ್ಟು, ಸಿನಿಬೆಂಚ್ ಅಂಕ ಬೀಳಲಿಲ್ಲ ಎಂದು ಖಾತ್ರಿ ಮಾಡಿಕೊಂಡರೆ ನನ್ನ ತಕರಾರಿಲ್ಲ. ಆದರೆ ಕೂಲರ್ ಸರಿಯಾಗಿ ಕೂತಿಲ್ಲದಿದ್ದರೆ ಆಫ್‌ಸೆಟ್ ಆ ತಪ್ಪನ್ನು ಮುಚ್ಚಿಡುತ್ತದೆ ಅಷ್ಟೇ. ಮೊದಲು ಅಂಕಿ ಬರಲಿ.

ರಾಯಚೂರು_ಪಿಸಿ

ಅಳೆದೆ. ಕೋಣೆ 36. ಬಾಗಿಲು ಹಾಕಿದಾಗ 95 ಡಿಗ್ರಿ, 56 ವ್ಯಾಟ್, 3.3 ಗಿಗಾಹರ್ಟ್ಸ್, ಫ್ಯಾನ್ 2,600 ಚಿಲ್ಲರೆ. ಬಾಗಿಲು ತೆಗೆದಾಗಲೂ 95, 57 ವ್ಯಾಟ್. ಫ್ಯಾನ್ ವೈರ್ ಸಿಪಿಯು ಫ್ಯಾನ್ ಪಿನ್ನಿಗೇ ಇದೆ.

ತಾಪಮಾಪಕ

ಇಷ್ಟು ಸಾಕು, ಉತ್ತರ ಇದರಲ್ಲೇ ಇದೆ.

ಈ ಪ್ರೊಸೆಸರ್ 65 ವ್ಯಾಟ್‌ನದು ಎಂದು ಬರೆದಿದ್ದರೂ ಅದಕ್ಕೆ 88 ವ್ಯಾಟ್ ತನಕ ಹೀರಲು ಅನುಮತಿ ಇದೆ. ನಿಮ್ಮದು 56ಕ್ಕೇ ಸುಸ್ತಾಗಿದೆ. 95ರಲ್ಲಿ 36 ಕಳೆದರೆ 59. ಅದನ್ನು 56 ವ್ಯಾಟ್‌ನಿಂದ ಭಾಗಿಸಿದರೆ ಪ್ರತಿ ವ್ಯಾಟ್‌ಗೆ 1.05 ಡಿಗ್ರಿ ಏರಿಕೆ. ಸರಿಯಾಗಿ ಕೂತ ಸ್ಟೆಲ್ತ್ 0.7 ಆಸುಪಾಸಿನಲ್ಲಿರಬೇಕು. ಫ್ಯಾನ್ ಪೂರ್ತಿ ವೇಗದಲ್ಲಿದೆ, ಬಾಗಿಲು ತೆಗೆದರೂ ವ್ಯತ್ಯಾಸವಿಲ್ಲ. ಅಂದರೆ ಕ್ಯಾಬಿನೆಟ್ ಗಾಳಿಯದು ತಪ್ಪಲ್ಲ, ಪ್ರೊಸೆಸರ್‌ನಿಂದ ಕೂಲರ್‌ಗೆ ಬಿಸಿ ದಾಟುತ್ತಿಲ್ಲ. ಹಳೆ ಪೇಸ್ಟ್ ಮೇಲೇ ಮತ್ತೆ ಕೂರಿಸಿದ್ದು ಒಂದು ಕಾರಣ. ಒಮ್ಮೆ ಬಿಡಿಸಿದ ಪೇಸ್ಟ್‌ನಲ್ಲಿ ಗಾಳಿಗುಳ್ಳೆ ಉಳಿಯುತ್ತದೆ, ಆ ಜಾಗದಲ್ಲಿ ಬಿಸಿ ದಾಟುವುದಿಲ್ಲ. ಸ್ಕ್ರೂ ಒಂದು ಹಿಡಿದಿಲ್ಲವೇನೋ ಎಂಬ ಅನುಮಾನವೂ ಇದೆ.

3600ರಲ್ಲಿ ಇದು ಇನ್ನೂ ಹೆಚ್ಚು ಕಾಡುತ್ತದೆ. ಪ್ರೊಸೆಸರಿನ ಲೋಹದ ಮುಚ್ಚಳ 40 ಎಂಎಂ ಅಗಲವಿದ್ದರೂ ಬಿಸಿಯ ಬಹುಪಾಲು ಬರುವುದು ಅದರಡಿಯ 74 ಚದರ ಎಂಎಂನ ಪುಟ್ಟ ಚಿಪ್‌ನಿಂದ. ಅದೂ ನಡುವಿನಲ್ಲಿಲ್ಲ, ಒಂದು ಪಕ್ಕಕ್ಕಿದೆ. ಕೂಲರ್ ಆ ಕಡೆಗೇ ಸ್ವಲ್ಪ ಎದ್ದು ನಿಂತರೆ ಕಥೆ ಮುಗಿಯಿತು.

ಬಿಚ್ಚುವಾಗ ಅವಸರ ಬೇಡ. ನಿಮ್ಮ ಬೋರ್ಡಿನ ಎಎಂ4 ಸಾಕೆಟ್ ಪ್ರೊಸೆಸರನ್ನು ಮೇಲಿಂದ ಹಿಡಿಯುವುದಿಲ್ಲ, ಕೆಳಗಿನ ಪಿನ್ನುಗಳನ್ನಷ್ಟೇ ಹಿಡಿಯುತ್ತದೆ. ಒಣಗಿದ ಪೇಸ್ಟ್ ಅಂಟಿಕೊಂಡಿದ್ದು ನೀವು ನೇರ ಮೇಲಕ್ಕೆಳೆದರೆ, ಲಿವರ್ ಹಾಕಿದ್ದಾಗಲೂ ಪ್ರೊಸೆಸರ್ ಕೂಲರ್ ಜೊತೆ ಕಿತ್ತು ಬರುತ್ತದೆ. ಅಡಿಯಲ್ಲಿ 1,331 ಪಿನ್ನುಗಳಿವೆ, ಒಂದು ಬಾಗಿದರೂ ತಲೆನೋವು. ಅದಕ್ಕೆ ಮೊದಲು 5 ನಿಮಿಷ ಸಿನಿಬೆಂಚ್ ಓಡಿಸಿ ಪೇಸ್ಟ್ ಬೆಚ್ಚಗಾಗಲಿ. ಶಟ್‌ಡೌನ್ ಮಾಡಿ, ಎಸ್‌ಎಂಪಿಎಸ್ (ಪವರ್ ಸಪ್ಲೈ) ವೈರ್ ತೆಗೆದು, ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಫ್ಯಾನ್ ವೈರ್ ಬಿಡಿಸಿ. ನಾಲ್ಕೂ ಸ್ಕ್ರೂಗಳನ್ನು ಎದುರುಬದುರು ಮೂಲೆಯಂತೆ ಸ್ವಲ್ಪಸ್ವಲ್ಪವೇ ಸಡಿಲಿಸಿ. ನಂತರ ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ. ಪೇಸ್ಟ್ ಬಿಟ್ಟುಕೊಂಡಿದ್ದು ಕೈಗೆ ಗೊತ್ತಾಗುತ್ತದೆ, ಆಗ ಎತ್ತಿ.

ಬೋರ್ಡಿನ ಹಿಂದೆ ಒಂದು ಲೋಹದ ಬ್ಯಾಕ್‌ಪ್ಲೇಟ್ ಇದೆ. ಸ್ಟೆಲ್ತ್‌ನ ಸ್ಕ್ರೂಗಳೇ ಅದನ್ನು ಹಿಡಿದಿರುವುದು. ಕ್ಯಾಬಿನೆಟ್ ನಿಂತಿದ್ದರೆ ಕೊನೆಯ ಸ್ಕ್ರೂ ಬಿಟ್ಟ ಕೂಡಲೇ ಅದು ಹಿಂದಕ್ಕೆ ಜಾರುತ್ತದೆ, ಮತ್ತೆ ಕೂರಿಸುವಾಗ ಸ್ಕ್ರೂ ಎಷ್ಟು ತಿರುಗಿಸಿದರೂ ಹಲ್ಲಿಗೆ ಸಿಗುವುದಿಲ್ಲ. ಕ್ಯಾಬಿನೆಟ್ ಮಲಗಿಸಿ, ಹಿಂಬದಿಯ ಬಾಗಿಲೂ ತೆಗೆದು, ಒಂದು ಕೈ ಬ್ಯಾಕ್‌ಪ್ಲೇಟ್ ಮೇಲಿರಲಿ.

ಬೆಸುಗೆ_ಕಡ್ಡಿ

ಒರೆಸೋಕೆ ಐಸೊಪ್ರೊಪೈಲ್ ಆಲ್ಕೋಹಾಲ್ ತಗೊಳ್ಳಿ. ಮೊಬೈಲ್ ರಿಪೇರಿಯವರ ಹತ್ತಿರ ಐಪಿಎ ಅಂತ ಕೇಳಿದ್ರೆ ಸಿಗುತ್ತೆ. ಹ್ಯಾಂಡ್ ಸ್ಯಾನಿಟೈಜರ್ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಇರುತ್ತೆ, ಜಿಡ್ಡು ಉಳಿಯುತ್ತೆ. ನೂಲು ಬಿಡದ ಬಟ್ಟೆ ಅಥವಾ ಕಾಫಿ ಫಿಲ್ಟರ್ ಕಾಗದದಲ್ಲಿ ಎರಡೂ ಮೈ ಕನ್ನಡಿಯ ಹಾಗೆ ಹೊಳೆಯೋ ತನಕ ಒರೆಸಿ.

ಪೇಸ್ಟ್ ಆರ್ಕ್ಟಿಕ್ ಎಂಎಕ್ಸ್-4 ಥರದ್ದು ಸಾಕು, 4 ಗ್ರಾಂ ಟ್ಯೂಬಿನಲ್ಲಿ ಹಲವು ಸಲ ಆಗುತ್ತೆ. ನಡುವೆ ಒಂದೇ ಬೊಟ್ಟು, ತೊಗರಿ ಕಾಳಿನಷ್ಟು. ಬೆರಳಲ್ಲಿ ಸವರಬೇಡಿ, ಕೂಲರ್ ಒತ್ತಡಕ್ಕೆ ಅದೇ ಹರಡುತ್ತೆ. ಹೆಚ್ಚಾದ್ರೆ ತಾಪಕ್ಕೆ ಅಂಥ ನಷ್ಟ ಇಲ್ಲ, ಅಂಚಿಂದ ಉಕ್ಕಿ ಗಲೀಜಾಗುತ್ತೆ. ಕಡಿಮೆಯಾದ್ರೆ ಮೂಲೆ ಒಣಗಿ ಉಳಿಯುತ್ತೆ, ಅದು ಕೆಟ್ಟದ್ದು.

ಸ್ಕ್ರೂ ಹಾಕುವಾಗ ಮೊದಲು ನಾಲ್ಕೂ ಬರೀ ಹಲ್ಲು ಹಿಡಿಯೋ ಅಷ್ಟು. ಆಮೇಲೆ ಮೂಲೆಯಿಂದ ಎದುರು ಮೂಲೆಗೆ, ಒಂದೊಂದಕ್ಕೆ ಎರಡೇ ಸುತ್ತು. ತಾನಾಗಿ ನಿಲ್ಲುತ್ತೆ, ನಿಂತ ಮೇಲೆ ಬಲ ಹಾಕಬೇಡಿ. ಫ್ಯಾನಿಗೆ ಬ್ಲೋವರ್ ಹಿಡಿಯೋದಾದ್ರೆ ರೆಕ್ಕೆಯನ್ನ ಬೆರಳಲ್ಲಿ ಒತ್ತಿಕೊಂಡಿರಿ, ಗಿರ್ರನೆ ತಿರುಗಿಸಿದ್ರೆ ಬೇರಿಂಗ್ ಹೋಗುತ್ತೆ.

ಕುಡ್ಲ_ಲ್ಯಾಪಿ

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಐ5 8250ಯು ಲ್ಯಾಪ್‌ಟಾಪ್ 92ಕ್ಕೆ ಹೋಗ್ತದೆ, ಇದೇ ಲೆಕ್ಕ ಹಾಕಬಹುದಾ?

ತಾಪಮಾಪಕ

ಈ ಲೆಕ್ಕ ಡೆಸ್ಕ್‌ಟಾಪ್‌ಗೆ. ಲ್ಯಾಪ್‌ಟಾಪ್‌ನ ಫ್ಯಾನು ಸಣ್ಣದು, ಬೂಸ್ಟ್ (ಸ್ವಲ್ಪ ಹೊತ್ತು ವೇಗ ಏರಿಸಿಕೊಳ್ಳುವ) ಹೊತ್ತಿನಲ್ಲಿ ಪ್ರೊಸೆಸರ್ 90 ದಾಟುವುದು ಮಾಮೂಲಿ, ಅದರ ಮಿತಿ 100. ಬೂಸ್ಟ್ ಮುಗಿದು 15 ವ್ಯಾಟ್‌ಗೆ ಇಳಿದ ಮೇಲೂ 90 ಇದ್ದರೆ ಮಾತ್ರ ಧೂಳು, ಪೇಸ್ಟ್ ನೋಡಿ. ತಾತ್ಕಾಲಿಕವಾಗಿ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 99 ಶೇಕಡಾ ಮಾಡಿದರೆ ಬೂಸ್ಟ್ ನಿಲ್ಲುತ್ತದೆ. ಬೇರೆ ಎಳೆ ತೆರೆದು ಅಂಕಿ ಹಾಕಿ, ಅಲ್ಲಿ ಮಾತಾಡೋಣ.

ರಾಯಚೂರು_ಪಿಸಿ

ಬಿಚ್ಚಿದೆ. ರ‍್ಯಾಮ್ ಕಡೆಯ ಕೆಳಮೂಲೆಯ ಸ್ಕ್ರೂ ಬ್ಯಾಕ್‌ಪ್ಲೇಟಿಗೆ ಸಿಕ್ಕೇ ಇರಲಿಲ್ಲ, ಸುಮ್ಮನೆ ಕೂತಿತ್ತು. ಆ ಮೂಲೆಯಲ್ಲಿ ಪೇಸ್ಟ್ ಬಿರುಕು ಬಿಟ್ಟು ಬೂದಿ ಥರ ಇತ್ತು. ಎದುರು ಮೂಲೆಯಲ್ಲಿ ಮಾತ್ರ ಒತ್ತಿ ತೆಳ್ಳಗಾಗಿತ್ತು. ಒರೆಸಿ, ಹೊಸ ಪೇಸ್ಟ್ ಹಾಕಿ, ಹೇಳಿದಂತೆ ಬಿಗಿದೆ.

ಈಗ: ಕೋಣೆ 35, 10 ನಿಮಿಷದ ಕೊನೆಗೆ 88 ಡಿಗ್ರಿ, 78 ವ್ಯಾಟ್, 3.9 ಗಿಗಾಹರ್ಟ್ಸ್. ಎಕ್ಸ್‌ಪೋರ್ಟ್ ಮತ್ತೆ 20 ನಿಮಿಷಕ್ಕೆ ಬಂತು. ಆದರೆ 88 ಇನ್ನೂ ಹೆಚ್ಚಲ್ವಾ? ಸುಮ್ಮನಿದ್ದಾಗ ಜಿಗಿಯೋದೂ ಹೋಗಿಲ್ಲ.

ತಾಪಮಾಪಕ

88ರಲ್ಲಿ 35 ಕಳೆದು 78ರಿಂದ ಭಾಗಿಸಿ: 0.68. ಕೂಲರ್ ಈಗ ತನ್ನ ಪಾಲಿನ ಕೆಲಸ ಪೂರ್ತಿ ಮಾಡುತ್ತಿದೆ. ಸ್ಟೆಲ್ತ್ ಎಂದರೆ ಹೀಟ್‌ಪೈಪ್ (ಬಿಸಿ ಸಾಗಿಸುವ ಕೊಳವೆ) ಇಲ್ಲದ ಅಲ್ಯೂಮಿನಿಯಂ ಗಟ್ಟಿ, ಅದರಿಂದ ಇನ್ನೂ ಕೇಳಿದರೆ ಸಿಗುವುದಿಲ್ಲ. ಇದೇ ಜೋಡಣೆ 22 ಡಿಗ್ರಿ ಕೋಣೆಯಲ್ಲಿದ್ದರೆ 75 ತೋರಿಸುತ್ತಿತ್ತು. ಹೊರದೇಶದ ವಿಡಿಯೊಗಳಲ್ಲಿ ಬರುವ ಅಂಕಿಗೆ ರಾಯಚೂರಿನ ಬೇಸಿಗೆ ಹೋಲಿಸಿ ಗಾಬರಿಯಾಗಬೇಡಿ, ಕೋಣೆಯ ತಾಪ ಕಳೆದೇ ಹೋಲಿಸಿ.

ಜಿಗಿತ ಈ ಪ್ರೊಸೆಸರಿನ ಸ್ವಭಾವ. ಒಂದು ಟ್ಯಾಬ್ ತೆರೆದರೂ ಒಂದು ಕೋರ್ 4.2 ಗಿಗಾಹರ್ಟ್ಸ್‌ಗೆ ನೆಗೆಯುತ್ತದೆ, ವೋಲ್ಟೇಜ್ 1.4 ದಾಟುತ್ತದೆ, ಸೆಕೆಂಡಿನಲ್ಲಿ 10 ಡಿಗ್ರಿ ಏರಿ ಇಳಿಯುತ್ತದೆ. ಅದಕ್ಕೆ ಫ್ಯಾನ್ ಕುಣಿಯದಂತೆ ಮಾಡಿದರೆ ಸಾಕು. ಬಯೋಸ್‌ನ ಫ್ಯಾನ್ ಪುಟದಲ್ಲಿ ಪಿಡಬ್ಲ್ಯುಎಂ (ಫ್ಯಾನ್ ವೇಗ ನಿಯಂತ್ರಿಸುವ ರೀತಿ) ಇಟ್ಟು 50 ಡಿಗ್ರಿಗೆ 40 ಶೇಕಡಾ, 70ಕ್ಕೆ 65, 80ಕ್ಕೆ 100 ಕೊಡಿ. ಸ್ಟೆಪ್ ಅಪ್ ಟೈಮ್ ಅಥವಾ ಸ್ಮೂದಿಂಗ್ ಎಂದಿರುವಲ್ಲಿ 3 ಸೆಕೆಂಡು ಹಾಕಿ.

ಬೇಸಿಗೆಗೆ ಇಕೋ ಮೋಡ್ ಬಳಸಿ. ಎಎಂಡಿಯ ರೈಜೆನ್ ಮಾಸ್ಟರ್ ಸಾಫ್ಟ್‌ವೇರ್‌ನಲ್ಲಿ ಒಂದೇ ಗುಂಡಿ, ಪಿಪಿಟಿ 60 ವ್ಯಾಟ್ ಸುಮಾರಿಗೆ ಇಳಿಯುತ್ತದೆ. 0.68 ಗುಣಿಸು 60 ಎಂದರೆ 41, ಕೋಣೆಯ 35 ಸೇರಿಸಿದರೆ 76 ಬರಬೇಕು. ಟವರ್ ಕೂಲರ್ ತರುವ ಮನಸ್ಸಿದ್ದರೆ 120 ಎಂಎಂ ಫ್ಯಾನಿನ, ನಾಲ್ಕು ಹೀಟ್‌ಪೈಪಿನದು ತನ್ನಿ. ಅದರ ಎತ್ತರ 155 ಎಂಎಂ ಆಸುಪಾಸು ಇರುತ್ತದೆ, ಮೊದಲು ನಿಮ್ಮ ಕ್ಯಾಬಿನೆಟ್‌ನಲ್ಲಿ ಅಷ್ಟು ಜಾಗವಿದೆಯೇ ಅಳೆದುಕೊಳ್ಳಿ. ಬೋರ್ಡ್ ಜೊತೆ ಬಂದ ಎರಡು ಪ್ಲಾಸ್ಟಿಕ್ ಬ್ರಾಕೆಟ್ ಹುಡುಕಿಡಿ, ಕ್ಲಿಪ್ ಹಾಕುವ ಕೂಲರ್‌ಗಳಿಗೆ ಅದೇ ಬೇಕು.

ರಾಯಚೂರು_ಪಿಸಿ

ಇಕೋ ಮೋಡ್ ಹಾಕಿದೆ: 77 ಡಿಗ್ರಿ, 60 ವ್ಯಾಟ್, 3.6 ಗಿಗಾಹರ್ಟ್ಸ್. ಎಕ್ಸ್‌ಪೋರ್ಟ್‌ಗೆ ಒಂದೂವರೆ ನಿಮಿಷ ಜಾಸ್ತಿ ಹಿಡೀತು, ಫ್ಯಾನ್ ಸದ್ದು ಪಕ್ಕದ ಕೋಣೆಗೆ ಕೇಳಿಸ್ತಿಲ್ಲ. ಬ್ರಾಕೆಟ್ ಎರಡೂ ಬೋರ್ಡಿನ ಡಬ್ಬಿಯಲ್ಲೇ ಇವೆ. ಸಮಸ್ಯೆ ಬಗೆಹರಿದಿದೆ ಅಂತ ಗುರುತು ಹಾಕ್ತಿದ್ದೀನಿ.