ಲೋಡ್ ಲಾರಿಯ ಹೊಗೆಯನ್ನು ಓಡುವಾಗಲೇ ಅಳೆಯಲಿಕ್ಕೆ ಆಗುತ್ತದಾ?

ಬೈಕಂಪಾಡಿ ಲಾರಿ:
ನನ್ನದು ಬಿಎಸ್6 ಲಾರಿ. ಪಣಂಬೂರು ಬಂದರಿನಿಂದ ಶಿರಾಡಿ ಹತ್ತಿ ಹಾಸನಕ್ಕೆ ಗೊಬ್ಬರ ಸಾಗಿಸುತ್ತೇನೆ. ಮೊನ್ನೆ ಎಮಿಷನ್ ಟೆಸ್ಟ್ ಮಾಡಿಸಿದೆ. ಖಾಲಿ ಲಾರಿ, ನ್ಯೂಟ್ರಲ್‌ನಲ್ಲಿ ನಾಲ್ಕೈದು ಸಲ ಆಕ್ಸಿಲರೇಟರ್ ತುಳಿದದ್ದು, ಅಷ್ಟೇ. ಚೀಟಿ ಕೈಗೆ ಬಂತು. ಆದರೆ ಬಂದರಿನ ಹತ್ತಿರ ಎರಡು ಗಂಟೆ ಕ್ಯೂನಲ್ಲಿದ್ದರೆ ಕಣ್ಣು ಉರಿಯುತ್ತದೆ, ಹೊಗೆ ಮಾತ್ರ ಕಾಣುವುದಿಲ್ಲ. 25 ಟನ್ ಹೊತ್ತು ಘಾಟಿ ಹತ್ತುವಾಗ ಇನ್ನೆಷ್ಟು ಬಿಡುತ್ತದೋ! ಅದನ್ನು ಅಳೆಯುವ ಮಿಷಿನ್ ಉಂಟಾ ಮಾರಾಯ್ರೆ?

ಸುರತ್ಕಲ್ ಫಿಟ್ಟರ್:
ಉಂಟು. ಪೆಮ್ಸ್ ಅಂತ ಹೆಸರು, ಅಂದರೆ ಗಾಡಿಗೇ ಕಟ್ಟಿ ಓಡುವಾಗ ಹೊಗೆ ಅಳೆಯುವ ಮಿಷಿನ್. ಊರಿಗೆ ಬರುವ ಮೊದಲು ಅಂಥ ಟೆಸ್ಟಿಂಗ್ ತಂಡದಲ್ಲಿ ಮೂರು ವರ್ಷ ಇದ್ದೆ. ಸೈಲೆನ್ಸರ್ ತುದಿಗೆ ಹೊಗೆಯ ಹರಿವು ಅಳೆಯುವ ಪೈಪ್ ಕೂರಿಸುತ್ತೇವೆ. ಅಲ್ಲಿಂದ ಬಿಸಿ ಮಾಡಿದ ಹೋಸ್ ಗ್ಯಾಸ್ ಪೆಟ್ಟಿಗೆಗೆ ಹೋಗುತ್ತದೆ. ಜಿಪಿಎಸ್ ಬೇಕು, ಗಾಳಿಯ ಬಿಸಿ, ತೇವ ನೋಡುವ ಸೆನ್ಸರ್ ಬೇಕು. ಲೋಡಿಗೆ ಮರಳು ಚೀಲ. ಚೀಲ ಹೊತ್ತೇ ನನ್ನ ಸೊಂಟ ಹೋದದ್ದು, ಅದು ಬೇರೆ ಕಥೆ.

ನಿಮ್ಮ ಚೀಟಿಯ ಟೆಸ್ಟ್ ಹೊಗೆ ಎಷ್ಟು ಬೆಳಕು ತಡೆಯಿತು ಅಂತ ಮಾತ್ರ ನೋಡುತ್ತದೆ. ನೈಟ್ರೋಜನ್ ಆಕ್ಸೈಡ್ ಅದರಲ್ಲಿ ಇಲ್ಲವೇ ಇಲ್ಲ. ಪೆಮ್ಸ್‌ನಲ್ಲಿ ಅದನ್ನೇ ಇಂಜಿನ್ ಮಾಡಿದ ಕೆಲಸಕ್ಕೆ ಲೆಕ್ಕ ಹಾಕುತ್ತಾರೆ. ಯುರೋಪಿನ ಯೂರೋ 6 ನಿಯಮದಲ್ಲಿ ಲ್ಯಾಬ್ ಮಿತಿ ಒಂದು ಯೂನಿಟ್ (ಕಿಲೋವ್ಯಾಟ್-ಅವರ್) ಕೆಲಸಕ್ಕೆ 460 ಮಿಲಿಗ್ರಾಂ, ರಸ್ತೆಯಲ್ಲಿ ಅದರ ಒಂದೂವರೆ ಪಟ್ಟು.

ಇನ್ನು ಘಾಟಿ. ನೀವು ತಿಳಿದದ್ದು ಉಲ್ಟಾ! ಏರುವಾಗ ಸೈಲೆನ್ಸರ್ ಚೆನ್ನಾಗಿ ಕಾಯುತ್ತದೆ, ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡಲಿಕ್ಕೆ ಹೊಗೆಗೆ ಸಿಂಪಡಿಸುವ ಯೂರಿಯಾ ನೀರು ಸರಿಯಾಗಿ ಕೆಲಸ ಮಾಡುತ್ತದೆ. ಕ್ಯೂನಲ್ಲಿ 200 ಡಿಗ್ರಿಗಿಂತ ತಣ್ಣಗಾದರೆ ಯೂರಿಯಾ ಸಿಂಪಡಿಸುವುದೇ ನಿಲ್ಲುತ್ತದೆ. ತಮಾಷೆ ನೋಡಿ, ರಸ್ತೆ ಟೆಸ್ಟ್‌ನಲ್ಲಿ ಇಂಜಿನ್ ತನ್ನ ಗರಿಷ್ಠ ಶಕ್ತಿಯ ಸರಾಸರಿ ಶೇ. 20ಕ್ಕಿಂತ ಕಡಿಮೆಯಲ್ಲಿ ಓಡಿದ ತುಂಡುಗಳನ್ನು ಯುರೋಪಿನವರು ಮೊದಲು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಆಮೇಲೆ ಅದನ್ನು ಶೇ. 10ಕ್ಕೆ ಇಳಿಸಿದರು. ನಿಮ್ಮ ಕ್ಯೂ ಅಂಥ ತುಂಡೇ ಅಲ್ವಾ?

ನಂತೂರು ಬೈಕ್:
ಯೂರಿಯಾ ಉಳಿಸಲಿಕ್ಕೆ ಸೆನ್ಸರ್‌ಗೆ ಸುಳ್ಳು ಹೇಳುವ ಡಬ್ಬಿ ಹಾಕಿಸುವವರೂ ಇದ್ದಾರಲ್ಲ? ಅದೂ ಈ ಟೆಸ್ಟ್‌ನಲ್ಲಿ ಸಿಗುವುದಿಲ್ಲವಾ?

ಸುರತ್ಕಲ್ ಫಿಟ್ಟರ್:
ನ್ಯೂಟ್ರಲ್ ಟೆಸ್ಟ್‌ನಲ್ಲಿ ಸಿಗುವುದಿಲ್ಲ. ಪೆಮ್ಸ್ ಕಟ್ಟಿದರೆ ಅರ್ಧ ಗಂಟೆ ಸಾಕು. ಆದರೆ ಅದು ಕಂಪನಿಗಳ ಟೆಸ್ಟ್, ನಿಮ್ಮ ನಮ್ಮ ಲಾರಿಗೆ ಯಾರು ಕಟ್ಟುತ್ತಾರೆ?

ಬೈಕಂಪಾಡಿ ಲಾರಿ:
ಡಬ್ಬಿ ನನ್ನಲ್ಲಿಲ್ಲ, ಸತ್ಯ. ನಾಳೆಯಿಂದ ಕ್ಯೂನಲ್ಲಿ ಇಂಜಿನ್ ಆಫ್ ಮಾಡಿ ನೋಡುತ್ತೇನೆ. ಸೆಕೆಗೆ ಏನು ಮಾಡುವುದು ಅಂತ ಕ್ಲೀನರ್ ಈಗಲೇ ಕೇಳುತ್ತಿದ್ದಾನೆ.