ತೊಗಲಿನ 'ಕಂಡೀಷನರ್'ಗೆ ಕನ್ನಡದಲ್ಲಿ ಏನೆನ್ನೋಣ? 'ಹದ' ಕೂರುತ್ತಿಲ್ಲ

ಬಲ್ಲವರಿಗೆ ನಮಸ್ಕಾರ.

ಚರ್ಮದ ಚೀಲ, ಬೂಟು, ಬೆಲ್ಟುಗಳನ್ನು ಮನೆಯಲ್ಲೇ ನೋಡಿಕೊಳ್ಳುವ ಬಗೆಗಿನ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಮೂರು ಡಬ್ಬಿಗಳು: ಕ್ಲೀನರ್, ಕಂಡೀಷನರ್, ಪಾಲಿಶ್. ನಡುವಿನದಕ್ಕೆ 'ಹದಕಾರಿ' ಎಂದು ಬರೆದಿದ್ದೆ. ಆದರೆ 'ಚರ್ಮ ಹದ ಮಾಡುವುದು' ಅಂದರೆ ಹಸಿ ತೊಗಲು ಕೊಳೆಯದಂತೆ ಮಾಡುವ ಕಾರ್ಖಾನೆ ಕೆಲಸವಲ್ಲವೇ? ಪದ ಮುಚ್ಚಳದ ಮೇಲೂ ಬರಬೇಕು, ಗಿಡ್ಡದಿರಲಿ.

ಈ ಸಾಲುಗಳನ್ನೂ ನೋಡಿ: 'ಒದ್ದೆ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿ, ನಂತರ ಹದಕಾರಿಯನ್ನು ಹಚ್ಚಿ. ಬಿಳಿ ಬೂಷ್ಟು ಕಂಡರೆ ಹೆಚ್ಚು ಹಚ್ಚಿದ್ದೀರಿ ಎಂದರ್ಥ.'
— ಸು.

'ಹದಕಾರಿ' ಬೇಡ. ಕನ್ನಡದ ಮೈಗೆ ಸಂಸ್ಕೃತದ ಬಾಲ. ಅರಿಸಮಾಸ. 'ಹದ' ನಮ್ಮದೇ, ಹಳಗನ್ನಡದ 'ಪದ'. ಕಾಲು ಅನ್ನುವ ಸಂಸ್ಕೃತದ 'ಪದ'ಕ್ಕೂ ಇದಕ್ಕೂ ನಂಟಿಲ್ಲ. ನೀವು ಹುಡುಕುತ್ತಿರುವುದು 'ಊಡು'. ಉಣ್, ಊಟ, ಉಣಿಸು, ಊಡು. 'ಎಣ್ಣೆಯೂಡು' ಎನ್ನಿ. 'ಚರ್ಮ'ವನ್ನೂ 'ತೊಗಲು' ಮಾಡಿ.
— ರಾ.

ಊಡುವುದು ಅನ್ನುವ ಕಲ್ಪನೆ ಸರಿ, ಕೆಲಸವೂ ಅದೇ. ತೊಗಲಿನ ನಾರುಗಳ ನಡುವಿನ ಜಿಡ್ಡು ಕಾಲಕ್ರಮೇಣ ಕಡಿಮೆಯಾದರೆ ನಾರು ನಾರಿಗೆ ಉಜ್ಜಿ, ಮಡಿಕೆ ಬೀಳುವ ಕಡೆ ಸೀಳುತ್ತದೆ. ಆ ಜಿಡ್ಡನ್ನು ಮತ್ತೆ ಒಳಗಿಳಿಸುವುದು ಕಂಡೀಷನರ್. ಪಾಲಿಶ್ ಮೇಲೆ ಕೂರುವಂಥದ್ದು.

ಆದರೆ ಮುಚ್ಚಳದ ಮೇಲೆ 'ಎಣ್ಣೆ' ಅಂತ ಇದ್ದರೆ ಜನ ಅಡುಗೆಮನೆಗೆ ನಡೆಯುತ್ತಾರೆ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ. ಅಗಸೆ ಎಣ್ಣೆ ಗಾಳಿಗೆ ಒಣಗಿ ತೊಗಲನ್ನೇ ಬಿರುಸು ಮಾಡುತ್ತದೆ. ಉಳಿದವು ಕಮಟು ಹಿಡಿಯುತ್ತವೆ.

ಸು. ಅವರೇ, ನಿಮ್ಮ ಸಾಲುಗಳಲ್ಲಿ ಎರಡು ತಪ್ಪಿವೆ, ಪದಕ್ಕಿಂತ ಅವೇ ದೊಡ್ಡವು.

'ಒಣಗಿಸಿ' ಎಂದರೆ ಓದಿದವರು ಬಿಸಿಲಿಗೋ ಹೀಟರಿನ ಮುಂದೋ ಇಡುತ್ತಾರೆ. ಒದ್ದೆ ತೊಗಲಿಗೆ ಬಿಸಿ ತಗುಲಿದರೆ ನಾರು ಸುರುಟಿಕೊಳ್ಳುತ್ತದೆ, ಮತ್ತೆ ಹಿಗ್ಗುವುದಿಲ್ಲ. 'ನೆರಳಿನಲ್ಲಿ ಆರಲು ಬಿಡಿ, ಒಂದು ದಿನ' ಎಂದು ಬರೆಯಿರಿ. ಕೂದಲು ಆರುತ್ತದೆ, ಎಲೆ ಒಣಗುತ್ತದೆ. ಕನ್ನಡದಲ್ಲಿ ಎರಡು ಕ್ರಿಯಾಪದ ಇರುವಾಗ ಒಂದರಲ್ಲೇ ಯಾಕೆ ಮುಗಿಸುತ್ತೀರಿ?

'ಬೂಷ್ಟು' ಜೀವ ಇರುವಂಥದ್ದು. ತೇವ, ಗಾಳಿಯಾಡದ ಕಪಾಟಿನಿಂದ ಬರುತ್ತದೆ. ಹೆಚ್ಚು ಹಚ್ಚಿದಾಗ ಮೇಲೇಳುವುದು ಬೇರೆ, ಅದು ಕೊಬ್ಬಿನ ಬಿಳುಪು. ಕೂದಲು ಆರಿಸುವ ಡ್ರೈಯರಿನ ಹದವಾದ ಬಿಸಿಗಾಳಿಯನ್ನು ತುಸು ದೂರದಿಂದ ಬಿಟ್ಟು ನೋಡಿ: ಕೊಬ್ಬಾದರೆ ಕರಗಿ ಮಾಯ, ಬೂಷ್ಟಾದರೆ ಹಾಗೇ ಇರುತ್ತದೆ. ಎರಡಕ್ಕೂ ಒಂದೇ ಪದ ಹಾಕಿದರೆ ಬೂಷ್ಟು ಹಿಡಿದ ಚೀಲವನ್ನು 'ಜಿಡ್ಡು ಹೆಚ್ಚಾಗಿದೆ' ಅಂತ ಒರೆಸಿ ಉಳಿದ ಚೀಲಗಳ ಜೊತೆಗೇ ಇಡುತ್ತಾರೆ.
— ವೆಂ.

ಸಂಸ್ಕೃತದಲ್ಲಿ 'ಸ್ನೇಹ'ಕ್ಕೆ ಎಣ್ಣೆ, ಜಿಡ್ಡು ಎಂಬ ಅರ್ಥವಿದೆ. ಆಯುರ್ವೇದದಲ್ಲಿ 'ಸ್ನೇಹನ' ಬಳಕೆಯಲ್ಲಿರುವ ಪದ. 'ಚರ್ಮಸ್ನೇಹನ' ಶುದ್ಧವೂ ಸುಂದರವೂ ಆಗಿದೆ.
— ನಾ.

ಬೂಟಿನ ಜೊತೆ ಗೆಳೆತನ ಮಾಡಿಸುವ ಡಬ್ಬಿ ಅಂದುಕೊಳ್ಳುತ್ತಾರೆ. ಬಿಡಿ.
— ರಾ.

ರಾ. ಅವರೇ, ನಿಮ್ಮ 'ಎಣ್ಣೆ'ಯೂ ಎಳ್ + ನೆಯ್. ಎಳ್ಳಿನ ಜಿಡ್ಡು. ಪ್ರಾಣಿಕೊಬ್ಬು, ಜೇನುಮೇಣ ಬೆರೆತ ಡಬ್ಬಿಗೆ ಅದು ಹೇಗೆ ಹೊಂದೀತು?
— ನಾ.

ಸೀಮೆಎಣ್ಣೆ ಅನ್ನುವಾಗ ಎಳ್ಳು ಎಲ್ಲಿತ್ತು?
— ರಾ.

ಇಬ್ಬರೂ ಅಚ್ಚಿನವರ ಗಡುವು ನೋಡಿ. ನನ್ನ ಸೂಚನೆ 'ತೊಗಲು ಮುಲಾಮು'. ಈ ಪದ ಅಳತೆಯನ್ನೂ ಹೇಳಿಬಿಡುತ್ತದೆ: ಎಣ್ಣೆಯನ್ನು ಸುರಿಯುತ್ತಾರೆ, ಮುಲಾಮನ್ನು ಯಾರೂ ಸುರಿಯುವುದಿಲ್ಲ. ಒಂದು ಬೂಟಿಗೆ ಕಡಲೆಕಾಳಿನಷ್ಟು, ಮೆತ್ತನೆ ಬಟ್ಟೆಗೆ ತೆಗೆದುಕೊಂಡು ತಿಕ್ಕಿ, ಇಪ್ಪತ್ತು ನಿಮಿಷ ಬಿಟ್ಟು, ಉಳಿದದ್ದನ್ನು ಒಣಬಟ್ಟೆಯಲ್ಲಿ ಒರೆಸುವುದು. ಅಂಟು ಉಳಿದರೆ ಧೂಳು ಕೂರುತ್ತದೆ.

ಹಚ್ಚುವ ಮೊದಲು ಕಾಣದ ಮೂಲೆಯಲ್ಲಿ ಒಂದು ಹನಿ ನೀರು ಬಿಡಲು ಹೇಳಿ. ಹನಿ ಇಂಗಿ ಕಪ್ಪಾದರೆ ಆ ತೊಗಲು ಮುಲಾಮನ್ನೂ ಕುಡಿಯುತ್ತದೆ, ಬಣ್ಣವೂ ತುಸು ಗಾಢವಾಗುತ್ತದೆ. ಹನಿ ಮಣಿಯಂತೆ ನಿಂತರೆ ಮೇಲೆ ಲೇಪವಿದೆ, ಇನ್ನೂ ಕಡಿಮೆ ಸಾಕು. ಸ್ಯೂಡ್ (ಮಖಮಲ್ಲಿನಂಥ ಜುಂಗಿನ ತೊಗಲು) ಆದರೆ ಹಚ್ಚಲೇಬಾರದು, ಅದರ ಜುಂಗು ಅಂಟಿಕೊಂಡು ಮಟ್ಟಸವಾಗಿಬಿಡುತ್ತದೆ. ಅದಕ್ಕೆ ಬ್ರಷ್ ಒಂದೇ. ರೆಕ್ಸಿನ್ ಚೀಲ ಸಿಪ್ಪೆ ಏಳುತ್ತಿದ್ದರೆ ಯಾವ ಡಬ್ಬಿಯೂ ಉಪಯೋಗವಿಲ್ಲ, ಪ್ಲಾಸ್ಟಿಕ್ ಏನನ್ನೂ ಕುಡಿಯದು.
— ವೆಂ.

ಮುಲಾಮು ಎಂದರೆ ಗಿಲೀಟು, ಮೇಲ್ಲೇಪ ಎಂದೂ ಅರ್ಥ. ಪಾಲಿಶ್ ಜೊತೆ ಗೊಂದಲ ಗ್ಯಾರಂಟಿ. ಎಲ್ಲಕ್ಕಿಂತ ಮೊದಲು, ಅದು ಎರವಲು. ಕನ್ನಡ ಪದ ಕೇಳಿದವರಿಗೆ ಅರಬ್ಬಿ ಕೊಟ್ಟು ಕಳಿಸುವುದೇ?
— ರಾ.

'ಗ್ಯಾರಂಟಿ' ಯಾವ ಹಳಗನ್ನಡ? ಬೂಟು, ಬೆಲ್ಟು, ಸಾಬೂನು, ಪಾಲಿಶ್ ಎಲ್ಲ ಎರವಲೇ. ಗಾಯಕ್ಕೆ ಮುಲಾಮು ಹಚ್ಚದ ಮನೆ ಇಲ್ಲ, ಗಿಲೀಟಿನ ಅರ್ಥ ಅಕ್ಕಸಾಲಿಗರಿಗೆ ಬಿಟ್ಟದ್ದು. ಅಂದಹಾಗೆ ಸು. ಅವರೇ, ಕ್ಲೀನರ್ ಅನ್ನು ಬರೀ 'ಸಾಬೂನು' ಎನ್ನಬೇಡಿ. ಬಟ್ಟೆ ಸಾಬೂನು ಕ್ಷಾರ, ತೊಗಲು ತುಸು ಹುಳಿ ಗುಣದ್ದು. ಪದೇ ಪದೇ ತಿಕ್ಕಿದರೆ ಬಿರುಸಾಗುತ್ತದೆ, ಬಣ್ಣವೂ ಹೋಗುತ್ತದೆ. 'ಕೊಳೆತೆಗೆ' ಸಾಕು.
— ವೆಂ.

ಎಲ್ಲರಿಗೂ ಧನ್ಯವಾದ. ಮುಚ್ಚಳಕ್ಕೆ 'ಕೊಳೆತೆಗೆ', 'ತೊಗಲು ಮುಲಾಮು', 'ಪಾಲಿಶ್' ಹೋಗಿದೆ. ಒಳಪುಟದಲ್ಲಿ 'ಮುಲಾಮು ಊಡಿ' ಎಂದು ಕ್ರಿಯಾಪದ ಇಟ್ಟುಕೊಂಡಿದ್ದೇನೆ. 'ಒಣಗಿಸಿ' ಹೋಗಿ 'ಆರಲು ಬಿಡಿ' ಬಂದಿದೆ. ಬೂಷ್ಟು, ಬಿಳುಪು ಎರಡೂ ಬೇರೆ ಬೇರೆ ಸಾಲಿನಲ್ಲಿವೆ.
— ಸು.

'ತೊಗಲು ಮುಲಾಮು' ಕೂಡ ಅರಿಸಮಾಸ.
— ರಾ.

ಅರಿಸಮಾಸದ ಮಾತು ಸಂಸ್ಕೃತದ ಜೊತೆ ಬೆರೆತಾಗ. ಅರಬ್ಬಿಗೆ ಆ ನಿಯಮ ಅನ್ವಯಿಸದು. ಇದಕ್ಕೆ ಬೇರೆ ಎಳೆ ತೆರೆಯಿರಿ.
— ನಾ.