ಸ್ಟೇಟ್ ಟೆಸ್ಟ್‌ಗೆ ಮಗನನ್ನು ಕೂರಿಸಬೇಕಾ, ಬೇಡ್ವಾ? ಅನುಭವ ಇದ್ದವರು ಹೇಳಿ

ಲಾಂಗ್ ಐಲೆಂಡ್ ಅಮ್ಮ:
ಎಲ್ಲರಿಗೂ ನಮಸ್ಕಾರ. ನಾವು ನ್ಯೂಯಾರ್ಕ್‌ನ ಲಾಂಗ್ ಐಲೆಂಡ್‌ನಲ್ಲಿದ್ದೇವೆ. ಮಗ ಐದನೇ ಗ್ರೇಡ್. ವಸಂತ ಬಂದರೆ ಸಾಕು, ನಮ್ಮ ಬೀದಿಯ ಅರ್ಧ ಜನ ಸ್ಟೇಟ್ ಟೆಸ್ಟ್ (ರಾಜ್ಯ ಸರ್ಕಾರ ವರ್ಷವರ್ಷ ನಡೆಸುವ ಪರೀಕ್ಷೆ) ಬೇಡ ಅಂತ ಶಾಲೆಗೆ ಪತ್ರ ಕೊಡುತ್ತಾರೆ. ಪಕ್ಕದ ಮನೆಯವರು ನಮಗೂ ಒಂದು ನಮೂನೆ ತಂದುಕೊಟ್ಟಿದ್ದಾರೆ. ನಮ್ಮ ಮನೆಯವರು ಮಾತ್ರ "ಪರೀಕ್ಷೆಗೆ ಹೆದರಿ ಓಡೋದು ನಮ್ಮ ವಂಶದಲ್ಲೇ ಇಲ್ಲ" ಅನ್ನುತ್ತಾರೆ. ಬೇಸಿಗೆಯಲ್ಲಿ ಟೆಕ್ಸಸ್‌ನ ಡಾಲಸ್ ಕಡೆ ಹೋಗುವುದು ಹೆಚ್ಚುಕಡಿಮೆ ಖಚಿತ. ಇಲ್ಲಿ ಟೆಸ್ಟ್ ಬಿಟ್ಟರೆ ಅಲ್ಲಿ ಆರನೇ ಗ್ರೇಡ್ ಗಣಿತಕ್ಕೆ ತೊಂದರೆ ಆಗುತ್ತಾ? ನೀವೆಲ್ಲ ಏನು ಮಾಡಿದಿರಿ?

ಮಲೆನಾಡ ಮಗಳು:
ನಾವು ಪತ್ರ ಕೊಟ್ಟವರು. ಈಗಲೂ ಹೆಮ್ಮೆ ಇದೆ.

ಮಗಳು ಎರಡನೇ ಗ್ರೇಡಲ್ಲಿದ್ದಾಗ ನಮ್ಮಪ್ಪ ಬಂದಿದ್ದರು. ಊರಲ್ಲಿ ಹೈಸ್ಕೂಲ್ ಗಣಿತದ ಮೇಷ್ಟ್ರಾಗಿದ್ದವರು. 42ರಲ್ಲಿ 17 ಕಳೆಯುವ ಲೆಕ್ಕ ಬಂತು. "ಎರಡರಲ್ಲಿ ಏಳು ಹೋಗಲ್ಲ ಪುಟ್ಟಿ, ಪಕ್ಕದ ಮನೆಯಿಂದ ಹತ್ತು ಸಾಲ ತಗೋ" ಅಂತ ಹೇಳಿಕೊಟ್ಟರು. 25 ಬಂತು. ಮಾರನೇ ದಿನ ಹಾಳೆ ವಾಪಸ್. ಉತ್ತರ ಸರಿ, ವಿಧಾನ ತೋರಿಸಿಲ್ಲ, ಅರ್ಧ ಅಂಕ. ಶಾಲೆಯವರಿಗೆ ಬೇಕಾಗಿದ್ದು ಒಂದು ಗೆರೆ ಎಳೆದು 17ರಿಂದ 20ಕ್ಕೆ 3, ಅಲ್ಲಿಂದ 40ಕ್ಕೆ 20, ಆಮೇಲೆ 42ಕ್ಕೆ 2 ಅಂತ ಹಾರಿಕೊಂಡು ಹೋಗುವುದು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. "ಹಾಗಾದ್ರೆ ನಾನು ಇಷ್ಟು ವರ್ಷ ಕಲಿಸಿದ್ದೇನು?" ಅಂದರು. ಇದೇ ಕಾಮನ್ ಕೋರ್, ಅಂದರೆ ಯಾವ ಗ್ರೇಡಲ್ಲಿ ಏನು ಬರಬೇಕು ಅಂತ ಬಹಳ ರಾಜ್ಯಗಳು ಒಪ್ಪಿಕೊಂಡ ಒಂದೇ ಮಾನದಂಡ. ಆಗ ಸ್ಟೇಟ್ ಟೆಸ್ಟೂ ಇದರ ಮೇಲೆಯೇ.

2015ರಲ್ಲಿ ಅವಳು ಮೂರನೇ ಗ್ರೇಡ್. ಆ ವರ್ಷ ನ್ಯೂಯಾರ್ಕ್ ರಾಜ್ಯದಲ್ಲಿ ಎರಡು ಲಕ್ಷ ಮಕ್ಕಳು, ಅಂದರೆ ಐದರಲ್ಲೊಂದು ಮಗು, ಪರೀಕ್ಷೆ ಬರೆಯಲಿಲ್ಲ. ಆಗಿನ ಗವರ್ನರ್ (ನಮ್ಮೂರಿನ ಮುಖ್ಯಮಂತ್ರಿ ಇದ್ದ ಹಾಗೆ) ಕ್ಯೂಮೊ ಟೀಚರ್‌ಗಳ ಮೌಲ್ಯಮಾಪನದಲ್ಲಿ ಅರ್ಧದವರೆಗೂ ಈ ಅಂಕಗಳನ್ನೇ ಹಿಡಿಯಲು ಹೊರಟಿದ್ದರು. ಟೀಚರ್‌ಗಳು ಹೆದರಿ ಜನವರಿಯಿಂದಲೇ ಬರೀ ಟೆಸ್ಟ್ ಪ್ರಾಕ್ಟೀಸ್ ಮಾಡಿಸುತ್ತಿದ್ದರು. ನಾವು ಪತ್ರ ಕೊಟ್ಟೆವು. ಶಾಲೆ ಸೇಡು ತೀರಿಸಿಕೊಂಡಿತು. ಬರೆಯದ ಮಕ್ಕಳನ್ನು ಅದೇ ಕೋಣೆಯಲ್ಲಿ ಸುಮ್ನೆ ಕೂರಿಸಿದರು, ಕಥೆ ಪುಸ್ತಕ ಓದಲೂ ಬಿಡಲಿಲ್ಲ. ಎಂಟು ವರ್ಷದ ಮಗು ಬೆಳಗ್ಗೆಯೆಲ್ಲ ಗೋಡೆ ನೋಡಿಕೊಂಡು ಕೂತಿತ್ತು. ಆಮೇಲೆ ಆರನೇ ಗ್ರೇಡಲ್ಲಿ ಫಾಸ್ಟ್ ಮ್ಯಾತ್ಸ್‌ಗೆ "ಅಂಕವೇ ಇಲ್ಲವಲ್ಲ" ಅಂದರು. ಸ್ಟೇಟ್ ಅಂಕವೊಂದನ್ನೇ ನೋಡಿ ಮಕ್ಕಳನ್ನು ವಿಂಗಡಿಸಬಾರದು ಅಂತ 2014ರಲ್ಲೇ ಕಾನೂನು ಬಂದಿತ್ತು. ಅದನ್ನು ಪ್ರಿಂಟ್ ಹಾಕಿಸಿ ಮೇಜಿನ ಮೇಲೆ ಇಟ್ಟೆ. ಬೇರೆ ಟೆಸ್ಟ್ ಕೊಟ್ಟರು, ಪಾಸಾದಳು. ಅಷ್ಟರಲ್ಲಿ ಟ್ಯೂಟರ್‌ಗೆ ಗಂಟೆಗೆ 60 ಡಾಲರ್‌ನಂತೆ ಎಷ್ಟು ಸುರಿದೆವೋ, ಆ ದುಡ್ಡಿಗೆ ಎಲ್ಲರೂ ಒಂದು ಸಲ ಊರಿಗೆ ಹೋಗಿಬರಬಹುದಿತ್ತು.

ಬೆಣ್ಣೆದೋಸೆ ಜರ್ಸಿ:
ಮೇಡಂ, ಓದದೆ ಬೈಯಬೇಡಿ. ನಿಮ್ಮ ತಂದೆಯವರ ಸಾಲದ ಲೆಕ್ಕವನ್ನು ಕಾಮನ್ ಕೋರ್ ಎಲ್ಲೂ ಬೇಡ ಅಂದಿಲ್ಲ. ಕೂಡಿಸುವುದು, ಕಳೆಯುವುದು ನಾಲ್ಕನೇ ಗ್ರೇಡಿಗೆ, ಗುಣಾಕಾರ ಐದಕ್ಕೆ, ಭಾಗಾಕಾರ ಆರಕ್ಕೆ ನಮ್ಮ ಹಳೇ ಪದ್ಧತಿಯಲ್ಲೇ ಸರಾಗವಾಗಿ ಬರಬೇಕು ಅಂತ ಬರೆದಿದೆ. ಮೂರನೇ ಗ್ರೇಡ್ ಮುಗಿಯುವಾಗ ಮಗ್ಗಿ ಬಾಯಿಪಾಠ ಆಗಿರಬೇಕು ಅಂತಲೂ ಇದೆ. ಅರ್ಧ ಅಂಕ ಕಿತ್ತಿದ್ದು ನಿಮ್ಮ ಟೀಚರ್, ಒಬಾಮಾ ಅಲ್ಲ.

ನಾವು ನ್ಯೂಜೆರ್ಸಿಯಲ್ಲಿ ಇಬ್ಬರು ಮಕ್ಕಳನ್ನೂ ಕೂರಿಸಿದೆವು. 2015ರಲ್ಲಿ ಕಾಮನ್ ಕೋರ್ ಮೇಲಿನ ಪಾರ್ಕ್ (PARCC) ಟೆಸ್ಟ್ ಬಂತು, ಕಂಪ್ಯೂಟರ್ ಮೇಲೆ. ದೊಡ್ಡವಳಿಗೆ ಟೈಪಿಂಗ್ ಬರುತ್ತಿರಲಿಲ್ಲ. ಲ್ಯಾಪ್‌ಟಾಪ್ 380 ಡಾಲರ್, ಟೈಪಿಂಗ್ ಕ್ಲಾಸ್ ತಿಂಗಳಿಗೆ 70, ಲೆಕ್ಕದ ಕ್ಲಾಸ್ ಒಬ್ಬೊಬ್ಬರಿಗೆ 130. ಪೆಟ್ರೋಲ್ ಸೇರಿಸಿಲ್ಲ. ಪರೀಕ್ಷೆ ದಿನ ಸ್ಕ್ರೀನ್ ಹೆಪ್ಪುಗಟ್ಟಿ ನಿಂತಿತು, ಮಗು ಅಳುತ್ತಾ ಬಂತು. ಆದರೂ ಮಾರನೇ ದಿನ ಕಳಿಸಿದೆ. ಈಗ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಎಸ್‌ಎಸ್‌ಎಲ್‌ಸಿ, ಪಿಯುಸಿ, ಸಿಇಟಿ ಬರೆದು ಬಂದ ನಾವು ಮಕ್ಕಳಿಗೆ ಪತ್ರ ಕೊಟ್ಟು ತಪ್ಪಿಸಿಕೊಳ್ಳೋದು ಕಲಿಸಬೇಕಾ? ಆಗಿನ ಕೇಂದ್ರ ಶಿಕ್ಷಣ ಕಾರ್ಯದರ್ಶಿ ಆರ್ನೆ ಡಂಕನ್ 2013ರಲ್ಲಿ ಇದನ್ನೆಲ್ಲ ವಿರೋಧಿಸುವವರು ಉಪನಗರದ ಬಿಳಿ ಅಮ್ಮಂದಿರು ಅಂದು ಬೈಸಿಕೊಂಡರು. ನಮ್ಮವರೂ ಆ ಸಾಲಿಗೆ ಸೇರಿದ್ದು ನೋಡಿ ನಗು ಬರುತ್ತೆ.

ಮಲೆನಾಡ ಮಗಳು:
ಎಂಟು ವರ್ಷದ ಮಗುವಿಗೂ ಸಿಇಟಿಗೂ ಹೋಲಿಕೆ! ನಗು ಬರುವುದು ನಮಗೆ ಸರ್.

ಇಂಡಿಯಾನಾ ಕನ್ನಡಿಗ:
ಇಬ್ಬರೂ ಸ್ವಲ್ಪ ತಡೀರಿ. ಕಾಮನ್ ಕೋರ್‌ಗೆ ಸೇರಿ, ಆಮೇಲೆ ಕಾನೂನು ಮಾಡಿ ಮೊದಲು ಹೊರಬಂದ ರಾಜ್ಯ ನಮ್ಮದು. 2014ರ ಮಾರ್ಚ್‌ನಲ್ಲಿ ಗವರ್ನರ್ ಪೆನ್ಸ್ ಸಹಿ ಹಾಕಿದರು. ನಾನು ಆಗ ಹೊರಬರುವುದರ ಪರ ಇದ್ದೆ, ಈಗಲೂ ಇದ್ದೇನೆ. ಗವರ್ನರ್‌ಗಳೇ ಸೇರಿ ಬರೆದಿದ್ದು ಅಂತ ಹೇಳ್ತಾರೆ, ಸರಿ. ಆದರೆ 2009ರಲ್ಲಿ ಒಬಾಮಾ ಸರ್ಕಾರ ರಾಜ್ಯಗಳ ಹತ್ತಿರ ದುಡ್ಡಿಲ್ಲದ ಹೊತ್ತು ನೋಡಿ ರೇಸ್ ಟು ದ ಟಾಪ್ ಅಂತ 435 ಕೋಟಿ ಡಾಲರ್ ಮುಂದಿಟ್ಟು, ಒಂದೇ ಮಾನದಂಡ ಒಪ್ಪಿದವರಿಗೆ ಜಾಸ್ತಿ ಪಾಯಿಂಟ್ ಅಂದರೆ ಅದು ಒತ್ತಾಯ ಅಲ್ವಾ? ನಲವತ್ತಕ್ಕೂ ಹೆಚ್ಚು ರಾಜ್ಯಗಳು ಸರಿಯಾಗಿ ಓದುವ ಮೊದಲೇ ತಲೆಯಾಡಿಸಿದವು.

ಆದರೆ ಹೊರಬಂದ ಮೇಲೆ ಆಗಿದ್ದು ಕೇಳಿ. ಕೆಲವೇ ವಾರಗಳಲ್ಲಿ ಹೊಸ ಮಾನದಂಡ ಬಂತು. ಮಗನ ಟೀಚರ್ ಹಳೆಯದು ಹೊಸದು ಎರಡೂ ಪಕ್ಕಪಕ್ಕ ಇಟ್ಟು ತೋರಿಸಿದರು, ಬಹಳ ಕಡೆ ಹೆಸರು ಮಾತ್ರ ಬೇರೆ. 2015ರಲ್ಲಿ ನಮ್ಮ ರಾಜ್ಯದ ಐಸ್ಟೆಪ್ ಟೆಸ್ಟ್ ಹನ್ನೆರಡು ಗಂಟೆಗೂ ಉದ್ದ ಆಯಿತು. ಮೂರನೇ ಗ್ರೇಡಿನ ಮಕ್ಕಳಿಗೆ! ಗಲಾಟೆಯಾಗಿ ಅವಸರದಲ್ಲಿ ಕತ್ತರಿಸಿದರು. ನಾನು ಕಾಮನ್ ಕೋರ್ ಗೈಡ್ 24.95ಕ್ಕೆ ತಂದಿದ್ದೆ, ಅದು ರದ್ದಿಗೆ. ಐಸ್ಟೆಪ್ ಗೈಡ್ 29.95, ಅದೂ ರದ್ದಿಗೆ. 2019ರಲ್ಲಿ ಐಲರ್ನ್ ಅಂತ ಇನ್ನೊಂದು ಬಂತು, ಚಿಕ್ಕವನಿಗೆ ಮತ್ತೆ 32. ಗ್ಯಾರೇಜಲ್ಲಿ ಒಂದು ಡಬ್ಬ ತುಂಬಾ ಇವೆ, ಬೇಕಾದವರು ಬಂದು ತಗೊಂಡು ಹೋಗಿ.

ಒಕ್ಲಹೋಮಾದಲ್ಲಿ ನನ್ನ ಷಡ್ಡಕ ಇದ್ದ. ಅಲ್ಲಿ ಅದೇ 2014ರಲ್ಲಿ ಕಾಮನ್ ಕೋರ್ ಬಿಟ್ಟಿದ್ದಕ್ಕೆ ಕೇಂದ್ರದವರು ತಮ್ಮ ಶಿಕ್ಷಣ ಕಾನೂನಿನ ಷರತ್ತುಗಳಿಂದ ಕೊಟ್ಟಿದ್ದ ವಿನಾಯಿತಿ ಕಿತ್ತುಕೊಂಡರು. ಕೆಲವು ತಿಂಗಳಾದ ಮೇಲೆ ವಾಪಸ್ ಕೊಟ್ಟರು. ಇದಕ್ಕೇ ನಮ್ಮ ವಿರೋಧ.

ಬೆಣ್ಣೆದೋಸೆ ಜರ್ಸಿ:
ಲೂಯಿಸಿಯಾನದ ಗವರ್ನರ್ ಆಗಿದ್ದ ಬಾಬಿ ಜಿಂದಾಲ್ ಕೂಡ ಹೀಗೇ. ಮೊದಲು ಒಪ್ಪಿದರು, 2014ರಲ್ಲಿ ಕೇಂದ್ರದ ಮೇಲೆ ಕೇಸ್ ಹಾಕಿದರು. ಎಲೆಕ್ಷನ್ ಹತ್ತಿರ ಬಂದರೆ ಎಲ್ಲರಿಗೂ ರಾಜ್ಯದ ಹಕ್ಕು ನೆನಪಾಗುತ್ತೆ.

ತುಂಗಾ ತೀರ:
ಇಲ್ಲಿ ಎಲ್ಲರೂ ಗೈಡು, ಟ್ಯೂಟರ್ ಅಂತ ಕೂತಿದ್ದೀರಿ. ನನ್ನ ಮಗನಿಗೆ ಆಟಿಸಂ. ನಾವು ವರ್ಜೀನಿಯಾದಲ್ಲಿದ್ದೇವೆ. ಈ ರಾಜ್ಯ ಕಾಮನ್ ಕೋರ್ ಮುಟ್ಟಲೇ ಇಲ್ಲ, ಹಾಗಂತ ಮಗನಿಗೆ ಏನೂ ಒಳ್ಳೆಯದಾಗಲಿಲ್ಲ. ಅವನಿಗೆ ವಾರಕ್ಕೆ ಎರಡು ಸಲ ಸ್ಪೀಚ್ ಥೆರಪಿ ಸಿಗುತ್ತಿರುವುದು ಅಂಗವಿಕಲ ಮಕ್ಕಳ ಶಿಕ್ಷಣಕ್ಕೆ 1975ರಲ್ಲಿ ಬಂದ ಕೇಂದ್ರದ ಕಾನೂನಿನಿಂದ. ಶಾಲೆಯವರು ಅದನ್ನೂ ಅರ್ಧಕ್ಕೆ ಇಳಿಸಲು ಬಂದರು. ಹೊರಗಿನ ತಜ್ಞರಿಂದ ಪರೀಕ್ಷೆ ಮಾಡಿಸಿದ್ದು 3,800 ಡಾಲರ್. ಶಾಲೆಯ ಮೀಟಿಂಗಿಗೆ ಜೊತೆಗೆ ಬಂದು ನಮ್ಮ ಪರ ಮಾತಾಡುವ ಅಡ್ವೊಕೇಟ್ ಗಂಟೆಗೆ 150. ಫೋನಲ್ಲಿ ಮಾತಾಡಿದ ಹದಿನೈದು ನಿಮಿಷಕ್ಕೂ ಬಿಲ್. ಕೊನೆಗೆ ಕೆಲಸ ಆಗಿದ್ದು ಆ ಕಾನೂನಿನ ಹೆಸರು ಹೇಳಿದ್ದಕ್ಕೆ.

2025ರ ಮಾರ್ಚ್ 20ಕ್ಕೆ ಟ್ರಂಪ್ ಕೇಂದ್ರದ ಶಿಕ್ಷಣ ಇಲಾಖೆ ಮುಚ್ಚುವ ಆದೇಶಕ್ಕೆ ಸಹಿ ಹಾಕಿದರು. ಪೂರ್ತಿ ಮುಚ್ಚಲು ಕಾಂಗ್ರೆಸ್ (ಇಲ್ಲಿನ ಸಂಸತ್ತು) ಒಪ್ಪಬೇಕು, ಗೊತ್ತು. ಆದರೆ ಸಿಬ್ಬಂದಿ ಅರ್ಧಕ್ಕೆ ಇಳಿಯಿತು, ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಕೆಳಗಿನ ಕೋರ್ಟ್ ಹಾಕಿದ್ದ ತಡೆ ಕೂಡ ತೆಗೆಯಿತು. ಕಾನೂನು ಪುಸ್ತಕದಲ್ಲಿದ್ದು ದೂರು ನೋಡುವವರು ಇಲ್ಲದಿದ್ದರೆ ನಾನು ಯಾರ ಹತ್ತಿರ ಹೋಗಲಿ?

ಇಂಡಿಯಾನಾ ಕನ್ನಡಿಗ:
ಮೇಡಂ, ಶಾಲೆಗಳ ದುಡ್ಡಲ್ಲಿ ಕೇಂದ್ರದ ಪಾಲು ಸುಮಾರು ಹತ್ತನೇ ಒಂದು. ಹತ್ತು ಪೈಸೆ ಕೊಟ್ಟು ರೂಪಾಯಿಯ ಲೆಕ್ಕ ಕೇಳೋದು ಬೇಡ ಅಂತಷ್ಟೇ ನಾವು ಹೇಳೋದು. ನಿಮ್ಮ ಮಗನ ಸೌಲಭ್ಯ ಕಿತ್ತುಕೊಳ್ಳಿ ಅಂತ ಯಾರೂ ಹೇಳಿಲ್ಲ.

ತುಂಗಾ ತೀರ:
ಆ ಹತ್ತು ಪೈಸೆಯಲ್ಲೇ ನನ್ನ ಮಗನ ಥೆರಪಿಯ ಪಾಲೂ ಇದೆ. ನಿಮಗೆ ರದ್ದಿ ಗೈಡಿನ ಚಿಂತೆ.

ವಾಪಸ್ ಬೆಂಗಳೂರು:
ನಾವು 2019ರಲ್ಲೇ ಊರಿಗೆ ಬಂದೆವು. ಇಲ್ಲೇನು ಕಡಿಮೆ ಇಲ್ಲ. 1976ರ 42ನೇ ತಿದ್ದುಪಡಿಯಲ್ಲಿ ಶಿಕ್ಷಣವನ್ನು ರಾಜ್ಯ ಪಟ್ಟಿಯಿಂದ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಹಾಕಿದಾಗಿನಿಂದ ಇದೇ ಜಗ್ಗಾಟ. 2021ರಲ್ಲಿ ಎನ್‌ಇಪಿ (ಕೇಂದ್ರದ ರಾಷ್ಟ್ರೀಯ ಶಿಕ್ಷಣ ನೀತಿ) ಮೊದಲು ಜಾರಿ ಮಾಡಿದ್ದು ನಮ್ಮ ಕರ್ನಾಟಕವೇ. ಮಗಳು ಆ ವರ್ಷ ಡಿಗ್ರಿಗೆ ಸೇರಿದಳು, ನಾಲ್ಕು ವರ್ಷದ ಆನರ್ಸ್ ಅಂದರು. ಸರ್ಕಾರ ಬದಲಾಯಿತು. 2023ರಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಬಂತು, 2024ಕ್ಕೆ ಮತ್ತೆ ಮೂರು ವರ್ಷದ ಡಿಗ್ರಿ. ಅಕ್ಕನ ಮಗ ಆಗ ಸೇರಿದ. ಒಂದೇ ಮನೆ, ಒಂದೇ ಕಾಲೇಜು, ಎರಡು ಪದ್ಧತಿ. ಹಳೇ ಪುಸ್ತಕ ಕೊಡೋಣ ಅಂದರೆ ಒಂದೂ ಉಪಯೋಗಕ್ಕೆ ಬರಲಿಲ್ಲ. ಮಜಾ ಏನು ಗೊತ್ತಾ? ಅಲ್ಲಿ ಕೂತು ರಾಜ್ಯದ ಹಕ್ಕು ಅನ್ನುವ ನಮ್ಮವರೇ ಇಲ್ಲಿಯ ವಿಷಯ ಬಂದರೆ ಒಂದೇ ದೇಶ ಒಂದೇ ಪಠ್ಯ ಅನ್ನುತ್ತಾರೆ.

ಇಂಡಿಯಾನಾ ಕನ್ನಡಿಗ:
ನನ್ನ ಹೆಸರು ಹೇಳದೆ ನನಗೇ ಚುಚ್ಚಿದ್ದು ಅರ್ಥವಾಯಿತು. ಬೇಡದ ರಾಜಕೀಯ ತರಬೇಡಿ.

ವಾಪಸ್ ಬೆಂಗಳೂರು:
ಪೆನ್ಸ್ ಹೆಸರು ತಂದಿದ್ದು ಯಾರು ಸ್ವಾಮಿ?

ಪ್ಲಾನೋ ಪುಟ್ಟಣ್ಣ:
ಟೆಕ್ಸಸ್ ಅಂದಿದ್ದಕ್ಕೆ ಬಂದೆ. ಇಲ್ಲಿ ಕಾಮನ್ ಕೋರ್ ಯಾವತ್ತೂ ಬರಲಿಲ್ಲ. 2013ರಲ್ಲಿ ಬರಲೇಬಾರದು ಅಂತ ಕಾನೂನನ್ನೂ ಮಾಡಿದರು. ಹಾಗಂತ ಟೆಸ್ಟ್ ಇಲ್ಲ ಅಂದುಕೊಳ್ಳಬೇಡಿ, ಸ್ಟಾರ್ ಅಂತ ಇದೆ. ದೊಡ್ಡವನಿಗೆ ಐದನೇ ಗ್ರೇಡಲ್ಲಿ ಅದು ಪಾಸಾಗದಿದ್ದರೆ ಮುಂದಿನ ಕ್ಲಾಸೇ ಅನುಮಾನ ಅನ್ನುವ ಕಾಲ. ಜ್ವರದಲ್ಲೇ ಬರೆದ, ಫೇಲಾದ, ಮತ್ತೆ ಬರೆದ. ಆ ಬೇಸಿಗೆಯ ಟ್ಯೂಷನ್ 1,150 ಡಾಲರ್, ಊರಿಗೆ ಹೋಗುವ ಟಿಕೆಟ್ ಬದಲಾಯಿಸಿದ್ದಕ್ಕೆ ತಲೆಗೆ 200 ದಂಡ. 2021ರಲ್ಲಿ ಆ ನಿಯಮ ತೆಗೆದು, ಫೇಲಾದವರಿಗೆ ವಿಷಯಕ್ಕೆ 30 ಗಂಟೆ ಹೆಚ್ಚುವರಿ ಪಾಠ ಅಂದರು. 2023ರಲ್ಲಿ ಅದೂ ಕೆಲವರಿಗೆ 15 ಆಯಿತು. ನಮ್ಮವನ ಹೊತ್ತಿಗೆ ಇದ್ಯಾವುದೂ ಇರಲಿಲ್ಲ.

2023ರ ಇನ್ನೊಂದು ಕಾನೂನು ಇದೆ. ಐದನೇ ಗ್ರೇಡ್ ಸ್ಟಾರ್ ಗಣಿತದಲ್ಲೋ ಶಾಲಾ ಜಿಲ್ಲೆಯ (ಆ ಭಾಗದ ಶಾಲೆಗಳನ್ನು ನಡೆಸುವ ಆಡಳಿತ) ಟೆಸ್ಟ್‌ನಲ್ಲೋ ಮೇಲಿನ ಶೇ. 40ರಲ್ಲಿ ಬಂದವರನ್ನು ಆರರಲ್ಲಿ ತಾನಾಗೇ ಅಡ್ವಾನ್ಸ್ಡ್ ಗಣಿತಕ್ಕೆ ಹಾಕುತ್ತಾರೆ. ಚಿಕ್ಕವಳು ಹಾಗೇ ಹೋದಳು, ಒಂದು ಪೈಸೆ ಖರ್ಚಿಲ್ಲದೆ. ಅಣ್ಣನಿಗೆ ಇನ್ನೂ ಹೊಟ್ಟೆಯುರಿ.

ಲಾಂಗ್ ಐಲೆಂಡ್ ಅಮ್ಮ:
ಪುಟ್ಟಣ್ಣನವರೇ, ಹಾಗಾದರೆ ನ್ಯೂಯಾರ್ಕ್ ಅಂಕ ಇದ್ದರೂ ಇಲ್ಲದಿದ್ದರೂ ಅಲ್ಲಿ ಲೆಕ್ಕಕ್ಕಿಲ್ವಾ?

ಪ್ಲಾನೋ ಪುಟ್ಟಣ್ಣ:
ಸ್ಟಾರ್ ಅಂಕವಂತೂ ನಿಮ್ಮ ಮಗನಿಗೆ ಹೇಗೂ ಇರಲ್ಲ. ನಮ್ಮ ಜಿಲ್ಲೆಯಲ್ಲಾದರೆ ಬೇರೆ ರಾಜ್ಯದಿಂದ ಬಂದವರಿಗೆ ಒಂದು ಟೆಸ್ಟ್ ಕೊಟ್ಟು, ರಿಪೋರ್ಟ್ ಕಾರ್ಡನ್ನೂ ನೋಡುತ್ತಾರೆ. ಮನೆ ಹಿಡಿಯುವ ಮೊದಲು ಆ ಜಿಲ್ಲೆಯ ಆಫೀಸಿಗೆ ಫೋನ್ ಮಾಡಿ.

ಬೆಣ್ಣೆದೋಸೆ ಜರ್ಸಿ:
ಅಂದರೆ ಅಲ್ಲೂ ಟೆಸ್ಟ್ ಬರೆಯಲೇಬೇಕು. ಇಲ್ಲೇ ಒಂದು ಸಲ ಕೂರಿಸಿ ಅಭ್ಯಾಸ ಮಾಡಿಸಿ ಅಂತ ಮೊದಲೇ ಹೇಳಿದೆ.

ಮಲೆನಾಡ ಮಗಳು:
ನೀವು ಹೇಳಿದ್ದು ನಿಮ್ಮ ಲ್ಯಾಪ್‌ಟಾಪಿನ ಬೆಲೆ.